ಮೂರು ದಿನ, ಮುನ್ನೂರು ದಿನ

(ಚಟ ಬಿಡಿಸುವಲ್ಲಿ ಚೀನೀ ಮೂಲಿಕೆ ಮತ್ತು ಇಂಗ್ಲಿಷ್ ಔಷಧಿ ಕುರಿತ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೋರ್ಡ್ ಮೇಲೆ ಬರೆದಿರುವುದು ಒಂದು ಚೀನೀ ಅಕ್ಷರ. ಉಚ್ಚಾರ 'ಯಿನ್'. ಚಟ ಅಂತ ಅರ್ಥ. ಮೇಲಿಂದ ಎಡಗಡೆಗೆ ಚಪ್ಪರದ ಹಾಗೆ ಇಳಿದಿರುವ ಗೆರೆಗಳನ್ನು ನೋಡಿ. ಅದು ಕಾಯಿಲೆಯ ಗುರುತು. ರೋಗ, ನೋವು, ತುರಿಕೆ, ಹುಚ್ಚು, ಇವೆಲ್ಲ ಚೀನೀ ಬರವಣಿಗೆಯಲ್ಲಿ ಇದೇ ಚಪ್ಪರದ ಕೆಳಗೆ ಇರುತ್ತವೆ. ಒಳಗೆ ಕೂತಿರುವ ಇನ್ನೊಂದು ಅಕ್ಷರಕ್ಕೆ 'ಅಡಗಿದ್ದು' ಅಂತ ಅರ್ಥ. ಅದು ಅಲ್ಲಿರುವುದು ಮುಖ್ಯವಾಗಿ ಉಚ್ಚಾರಕ್ಕಾಗಿ, ನಿಜ. ಆದರೂ ಕಾಯಿಲೆಯ ಚಪ್ಪರದಡಿ ಅಡಗಿ ಕೂತದ್ದು ಅಂದರೆ ಚಟ, ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಈ ವಿಷಯ ಎತ್ತಿದಾಗಲೆಲ್ಲ ಜನ ಕೇಳುವುದು ಒಂದೇ. ಚೀನೀ ಮೂಲಿಕೆ ಒಳ್ಳೆಯದೋ, ಇಂಗ್ಲಿಷ್ ಔಷಧಿ ಒಳ್ಳೆಯದೋ? ನನಗೆ ಈ ಪ್ರಶ್ನೆಯೇ ತಪ್ಪು ಅನಿಸುತ್ತದೆ. ಕೇಳಬೇಕಾದ್ದು, ಇವತ್ತು ಎಷ್ಟನೇ ದಿನ? ಕೊನೆಯ ಡೋಸ್ ತಗೊಂಡು ಎಷ್ಟು ಗಂಟೆ ಆಯಿತು? ಒಂದನೇ ದಿನದ ಕಾಯಿಲೆ ಬೇರೆ, ನಲವತ್ತನೇ ದಿನದ ಕಾಯಿಲೆ ಬೇರೆ. ಹೆಸರು ಮಾತ್ರ ಒಂದೇ. ಇವತ್ತು ನಾನು ಹೇಳಲಿಕ್ಕೆ ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಒಂದು ಹಳೆಯ ಕಥೆ. 1838. ಹುನಾನ್ ಮತ್ತು ಹುಬೆಯ್ ಪ್ರಾಂತ್ಯಗಳ ಆಡಳಿತ ನೋಡುತ್ತಿದ್ದ ಅಧಿಕಾರಿ ಲಿನ್ ತ್ಸೆಶೂ. ಈ ಹೆಸರು ನೀವು ಕೇಳಿರಬಹುದು. ಮರುವರ್ಷ, 1839ರಲ್ಲಿ, ಹೂಮೆನ್ ಎಂಬಲ್ಲಿ ಬ್ರಿಟಿಷ್ ವ್ಯಾಪಾರಿಗಳ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶ ಮಾಡಿಸಿದವನು ಇವನೇ. ದೊಡ್ಡ ಗುಂಡಿ ತೋಡಿ, ನೀರು ತುಂಬಿ, ಉಪ್ಪು ಸುಣ್ಣ ಸುರಿದು, ಅಫೀಮು ಕರಗಿಸಿ ಸಮುದ್ರಕ್ಕೆ ಬಿಟ್ಟರು. 23 ದಿನ ಹಿಡಿಯಿತು. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬಂದದ್ದು ಭಾರತದಿಂದ. ಮೊದಲ ಅಫೀಮು ಯುದ್ಧ ಶುರುವಾದದ್ದು ಇಲ್ಲಿಂದಲೇ. ಶಾಲೆಯ ಪುಸ್ತಕದಲ್ಲಿ ಲಿನ್ ಕಥೆ ಇಷ್ಟಕ್ಕೇ ಮುಗಿಯುತ್ತದೆ.

ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಹಿಂದಿನ ವರ್ಷದ ಲಿನ್. ಅಫೀಮು ನಿಲ್ಲಿಸಿ ಅಂತ ಚಕ್ರವರ್ತಿಗೆ ಬರೆದ ಮನವಿಯ ಜೊತೆ ಅವನು ಚಟ ಬಿಡಿಸುವ ಗುಳಿಗೆಗಳ ವಿಧಾನವನ್ನೂ ಕಳಿಸಿದ್ದ. ಗುಳಿಗೆ ಎರಡು ಥರ. ಒಂದನ್ನು 'ಹುಳಿ ವರ್ಜ್ಯ ಗುಳಿಗೆ' ಅನ್ನೋಣ. ಅದನ್ನು ತಗೊಳ್ಳುವಾಗ ಹುಳಿ ಮುಟ್ಟಬಾರದು ಎಂಬ ಪಥ್ಯದಿಂದ ಬಂದ ಹೆಸರು. ಇನ್ನೊಂದು 'ಬಲ ತುಂಬುವ ಗುಳಿಗೆ'. ಜಿನ್‌ಸೆಂಗ್, ಆಸ್ಟ್ರಾಗಲಸ್ ಬೇರು, ಜ್ಯೇಷ್ಠಮಧು, ಹೀಗೆ ಮೂಲಿಕೆಗಳ ಪಟ್ಟಿಯೇ ಇದೆ. ಮೊದಲನೆಯ ಗುಳಿಗೆಯಲ್ಲಿ ಮಾತ್ರ ಇನ್ನೊಂದು ಸಾಮಾನು ಸೇರುತ್ತಿತ್ತು. ಏನು ಗೊತ್ತಾ? ಅಫೀಮು ಸೇದಿದ ಮೇಲೆ ಚಿಲುಮೆಯಲ್ಲಿ ಉಳಿಯುವ ಬೂದಿ.

ತಗೊಳ್ಳುವ ಕ್ರಮ ಹೀಗೆ. ತೆವಲು ಏಳುವ ಹೊತ್ತಿಗೆ ಮುಂಚೆಯೇ ಬೂದಿ ಇರುವ ಗುಳಿಗೆ ನುಂಗಬೇಕು. ಚಟ ಎಷ್ಟು ದೊಡ್ಡದೋ ಗುಳಿಗೆ ಅಷ್ಟು. ಮೈ ಅದಕ್ಕೆ ಹೊಂದಿಕೊಂಡ ಮೇಲೆ, ಮೊದಲ ದಿನ ಒಂದು ಗುಳಿಗೆ ಕಡಿಮೆ ಮಾಡಿ ಅದರ ಜಾಗದಲ್ಲಿ ಎರಡು ಬಲ ತುಂಬುವ ಗುಳಿಗೆ. ಎರಡನೇ ದಿನ ಎರಡು ಕಡಿಮೆ, ಅದರ ಬದಲು ನಾಲ್ಕು. ಹೀಗೇ ಮುಂದೆ. ಕೊನೆಗೆ ಬೂದಿಯ ಗುಳಿಗೆ ಪೂರ್ತಿ ಹೋಗಿ, ಬರೀ ಮೂಲಿಕೆ ಉಳಿಯುತ್ತದೆ. ಆಮೇಲೆ ಅದೂ ನಿಲ್ಲುತ್ತದೆ.

ಇವತ್ತು ಯಾವುದೇ ಚಟ ಬಿಡಿಸುವ ಕ್ಲಿನಿಕ್ಕಿಗೆ ಹೋದರೂ ಇದರ ಮೊದಲ ಅರ್ಧ ನಿಮಗೆ ಸಿಗುತ್ತದೆ. ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಟ್ಟು ಮೆಲ್ಲಗೆ ಇಳಿಸುವುದು ಅಂದರೆ ಇದೇ. ಅಫೀಮಿನ ಜಾತಿಯದ್ದನ್ನೇ ಕೊಟ್ಟು ಅಫೀಮು ಬಿಡಿಸುವುದು. ಲಿನ್ ಕಾಲದ ವೈದ್ಯರಿಗೆ ಮೆದುಳಿನ ಓಪಿಯಾಯ್ಡ್ ರಿಸೆಪ್ಟರ್, ಅಂದರೆ ಅಫೀಮಿನ ಅಂಶ ಹೋಗಿ ಕೂರುವ ಜಾಗ, ಗೊತ್ತಿರಲಿಲ್ಲ. ಒಂದೇ ಏಟಿಗೆ ನಿಲ್ಲಿಸಿದರೆ ಮನುಷ್ಯ ತಡೆಯುವುದಿಲ್ಲ ಅನ್ನುವುದು ಗೊತ್ತಿತ್ತು. ಒಳ್ಳೆಯದನ್ನೆಲ್ಲ ಹಿಂದಿನವರೇ ಕಂಡುಹಿಡಿದಿದ್ದರು ಅಂತ ಎದೆ ತಟ್ಟಿಕೊಳ್ಳಲಿಕ್ಕೆ ಇದನ್ನು ಹೇಳುತ್ತಿಲ್ಲ. ಅಫೀಮಿನ ಜಾತಿಯದ್ದನ್ನೂ ಮೂಲಿಕೆಯನ್ನೂ ಸೇರಿಸಿ ಕೊಡುವುದು ಈ ಚಿಕಿತ್ಸೆಯಲ್ಲಿ ಮೊದಲಿನಿಂದಲೂ ಇತ್ತು ಅನ್ನಲಿಕ್ಕೆ ಹೇಳುತ್ತಿದ್ದೇನೆ. ಆ ಪಟ್ಟಿಯಲ್ಲಿ ವತ್ಸನಾಭಿ ಜಾತಿಯ ಬೇರೂ ಇತ್ತು. ಅದು ಹೃದಯಕ್ಕೆ ವಿಷ. ಹಳೆಯದೆಲ್ಲ ಹೊನ್ನಲ್ಲ.

ಮುಂದಿನ ಅಧ್ಯಾಯ ಅಷ್ಟು ಚೆನ್ನಾಗಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚೀನಾದ ತುಂಬ 'ಅಫೀಮು ಬಿಡಿಸುವ ಮಾತ್ರೆ' ಬಂದವು. ಮಿಷನರಿಗಳೂ ಹಂಚಿದರು. ಒಳಗೆ ಇದ್ದದ್ದು ಮಾರ್ಫಿನ್. ಜನ ಅದಕ್ಕೆ 'ಯೇಸುವಿನ ಅಫೀಮು' ಅಂತಲೇ ಹೆಸರಿಟ್ಟರು. 1898ರಲ್ಲಿ ಜರ್ಮನಿಯ ಬಾಯರ್ ಕಂಪನಿ ಕೆಮ್ಮಿಗೆ ಒಂದು ಹೊಸ ಔಷಧಿ ಮಾರಲು ಶುರು ಮಾಡಿತು. ಮಾರ್ಫಿನ್ನಿನ ಹಾಗೆ ಇದು ಚಟ ಹತ್ತಿಸುವುದಿಲ್ಲ ಅಂತ ಆಗ ನಂಬಿದ್ದರು. ಆ ಔಷಧಿಯ ಹೆಸರು ಹೆರಾಯಿನ್.

ಲಿನ್‌ನ ಗುಳಿಗೆಗೂ ಈ ಮಾತ್ರೆಗಳಿಗೂ ವ್ಯತ್ಯಾಸ ಏನು? ಎರಡರಲ್ಲೂ ಅಫೀಮಿನ ಅಂಶ ಇದೆ. ಒಂದರಲ್ಲಿ ಅದು ಇದೆ ಅಂತ ಹೇಳಿ, ಎಣಿಸಿ, ದಿನಾ ಇಳಿಸುತ್ತಿದ್ದರು. ಇನ್ನೊಂದರಲ್ಲಿ ಮುಚ್ಚಿಟ್ಟು, ಇಳಿಸುವ ಲೆಕ್ಕವೇ ಇಲ್ಲದೆ ಮಾರುತ್ತಿದ್ದರು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಈಗ ಮೂರು ದಿನಗಳ ವಿಷಯಕ್ಕೆ ಬರೋಣ. ಹೆರಾಯಿನ್ ಚಟ ಇರುವವರು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ? ಎಂಟರಿಂದ ಹನ್ನೆರಡು ಗಂಟೆಯಲ್ಲಿ ಆಕಳಿಕೆ ಶುರು. ನಿದ್ದೆ ಬಂದ ಆಕಳಿಕೆ ಅಲ್ಲ, ಒಂದರ ಹಿಂದೆ ಒಂದು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೈಮೇಲೆ ಕೂದಲು ನಿಮಿರಿ ನಿಲ್ಲುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ. ಆಮೇಲೆ ಮೂಳೆಯೊಳಗೆ ನೋವು, ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ, ವಾಂತಿ, ಭೇದಿ. ಒಂದೂವರೆ ದಿನದಿಂದ ಮೂರನೇ ದಿನದ ತನಕ ಇದು ಏರುತ್ತದೆ. ಆಮೇಲೆ ಮೆಲ್ಲಗೆ ಇಳಿಯುತ್ತದೆ. ವಾರ, ಹತ್ತು ದಿನದಲ್ಲಿ ಮೈ ಸ್ವಲ್ಪ ತಿಳಿಯಾಗುತ್ತದೆ.

ಮನೆಯವರು ಅಲ್ಲಿಗೆ ಉಸಿರು ಬಿಡುತ್ತಾರೆ. ಅಬ್ಬಾ, ಮುಗಿಯಿತು ಅಂತ. ಅಸಲಿ ಕಥೆ ಅಲ್ಲಿಂದ ಶುರು. ರಾತ್ರಿ ನಿದ್ದೆ ಇಲ್ಲ. ಊಟ ರುಚಿಸುವುದಿಲ್ಲ. ಯಾವುದರಲ್ಲೂ ಖುಷಿ ಇಲ್ಲ. ಸುಮ್ನೆ ಕೂತಲ್ಲೇ ಬೆವರು. ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮತ್ತೆ ಚಟಕ್ಕೆ ಬೀಳುವವರಲ್ಲಿ ತುಂಬ ಜನ ಬೀಳುವುದು ಈ ಹೊತ್ತಿನಲ್ಲೇ. ಮೊದಲ ಮೂರು ದಿನದ ನರಕವನ್ನು ದಾಟಿದವರು ನಲವತ್ತನೇ ದಿನದ ನಿದ್ದೆಗೆಟ್ಟ ರಾತ್ರಿಯಲ್ಲಿ ಸೋಲುತ್ತಾರೆ.

ಚೀನೀ ವೈದ್ಯದವರು ಈ ಎರಡು ಹಂತವನ್ನು ಮೊದಲಿನಿಂದಲೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ಮೊದಲು ವಿಷ ಹೊರಗೆ ಹಾಕುವುದು. ಆಮೇಲೆ ಬರಿದಾದ ಮೈಗೆ ಬಲ ತುಂಬುವುದು. 'ಚಿ' ಅಂದರೆ ಪ್ರಾಣಬಲ ಒಣಗಿದೆ, ಮೂತ್ರಪಿಂಡದ ಶಕ್ತಿ ಕುಂದಿದೆ, ಹೃದಯದಲ್ಲಿ ಮನಸ್ಸು ನೆಲೆ ನಿಲ್ಲುತ್ತಿಲ್ಲ ಅಂತ ಅವರ ಭಾಷೆ. ಈ ಭಾಷೆಯನ್ನು ಶರೀರಶಾಸ್ತ್ರ ಅಂತ ನಾನು ಒಪ್ಪುವುದಿಲ್ಲ. ಆದರೆ ನಲವತ್ತನೇ ದಿನದ ಮನುಷ್ಯನ ವರ್ಣನೆ ಅಂತ ಓದಿದರೆ ಇದು ಚೆನ್ನಾಗಿಯೇ ಇದೆ. ಇಂಗ್ಲಿಷ್ ವೈದ್ಯ ತುಂಬ ಕಾಲ ಈ ಎರಡನೇ ಹಂತವನ್ನು ಗಮನಿಸಿದ್ದೇ ಕಡಿಮೆ.

ಹಾಗಾದರೆ ಲೆಕ್ಕ ಏನು ಹೇಳುತ್ತದೆ? 2009ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ಒಂದು ತಂಡ ಹೆರಾಯಿನ್ ಬಿಡಿಸಲು ಚೀನೀ ಮೂಲಿಕೆ ಬಳಸಿದ 21 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿತು. ಸುಮಾರು 3 ಸಾವಿರ ರೋಗಿಗಳು. ಎರಡು ಥರದ ಇಂಗ್ಲಿಷ್ ಔಷಧಿಗಳ ಜೊತೆ ಹೋಲಿಕೆ. ಒಂದು ಮೆಥಡೋನ್ ಥರದ್ದು. ಇನ್ನೊಂದು ಕ್ಲೋನಿಡಿನ್, ಲೋಫೆಕ್ಸಿಡಿನ್ ಥರದ್ದು. ಇವು ಅಫೀಮಿನ ಜಾತಿಯವಲ್ಲ. ಚಟ ನಿಂತಾಗ ಮೆದುಳಿನ ಬುಡದಲ್ಲಿ ಎಚ್ಚರಿಕೆ ಗಂಟೆ ಒಂದೇ ಸಮ ಬಾರಿಸತೊಡಗುವ ಒಂದು ಜಾಗ ಇದೆ. ಆ ಗಂಟೆಯ ಸದ್ದು ಇವು ತಗ್ಗಿಸುತ್ತವೆ.

ಫಲಿತಾಂಶ ದಿನದ ಲೆಕ್ಕದಲ್ಲಿ ಬಂತು, ನನಗೆ ಅದೇ ಕುತೂಹಲ. ಮೊದಲ ಮೂರು ದಿನ ಮೆಥಡೋನ್ ಥರದ ಔಷಧಿ ಮುಂದೆ ಮೂಲಿಕೆ ಹಿಂದೆ ಬಿತ್ತು. ನಾಲ್ಕನೇ ದಿನದಿಂದ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಕ್ಲೋನಿಡಿನ್ ಥರದ್ದರ ಜೊತೆ ಮೊದಲ ಮೂರು ದಿನ ಸಮಸಮ. ನಾಲ್ಕರಿಂದ ಆಚೆಗೆ ಬಹುಪಾಲು ದಿನ ಮೂಲಿಕೆಯದ್ದೇ ಮೇಲುಗೈ. 

ಆದರೆ ಕೈ ತಟ್ಟಬೇಡಿ, ಸ್ವಲ್ಪ ತಡೆಯಿರಿ. ಈ ಅಧ್ಯಯನಗಳ ದೊಡ್ಡ ದೌರ್ಬಲ್ಯ, ಅವು ಹತ್ತು ದಿನಕ್ಕೆ ನಿಂತುಬಿಡುತ್ತವೆ. ಮೂಲಿಕೆ ಎಲ್ಲಿ ಕೆಲಸಕ್ಕೆ ಬರಬೇಕೋ, ಆ ತಿಂಗಳುಗಳನ್ನು ಅಳೆದೇ ಇಲ್ಲ. ಇನ್ನೊಂದು, ಹೋಲಿಸಿ ನೋಡಲು ಕಹಿ ಕಷಾಯಕ್ಕೆ ಸುಳ್ಳು ಜೋಡಿ, ಅಂದರೆ ಹಾಗೇ ಕಾಣುವ ಆದರೆ ಮದ್ದಿಲ್ಲದ ಕಷಾಯ, ಮಾಡುವುದು ಕಷ್ಟ. ವಾಸನೆಯಲ್ಲೇ ಯಾವುದು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಮೂರನೆಯದು ಸ್ವಲ್ಪ ಇರುಸುಮುರುಸಿನ ಮಾತು. ಚೀನಾದ 2008ರ ಮಾದಕ ವಸ್ತು ಕಾನೂನಿನ ಪ್ರಕಾರ ವ್ಯಸನಿಯನ್ನು ಎರಡು ವರ್ಷದ ತನಕ ಕಡ್ಡಾಯ ಕೇಂದ್ರದಲ್ಲಿ ಇಡಬಹುದು, ಬೇಕಾದರೆ ಇನ್ನೊಂದು ವರ್ಷ ಮುಂದುವರಿಸಬಹುದು. ಬೀಗ ಹಾಕಿದ ಬಾಗಿಲಿನ ಹಿಂದೆ ಯಾರಾದರೂ ಹೆರಾಯಿನ್ ಮುಟ್ಟಲಿಲ್ಲ ಅಂದರೆ ಅದು ಮದ್ದಿನ ಗುಣವೋ ಬೀಗದ ಗುಣವೋ? ಅದೇ ಚೀನಾ 2004ರಲ್ಲಿ ಎಂಟು ಕ್ಲಿನಿಕ್ಕುಗಳಿಂದ ಮೆಥಡೋನ್ ಕಾರ್ಯಕ್ರಮ ಶುರು ಮಾಡಿ ಮುಂದೆ ಏಳುನೂರಕ್ಕೂ ಹೆಚ್ಚು ಮಾಡಿತು ಅನ್ನುವುದನ್ನೂ ಸೇರಿಸಬೇಕು. ಮೂಲಿಕೆಯ ತವರಿನಲ್ಲೇ ಮೆಥಡೋನ್ ಬೇಕಾಯಿತು.

ಈಗ ಒಂದು ಮೂಲಿಕೆಯನ್ನು ಹತ್ತಿರದಿಂದ ನೋಡೋಣ. ಯಾನ್‌ಹುಸುವೊ. ಕೊರಿಡಾಲಿಸ್ ಅನ್ನುವ ಸಣ್ಣ ಗಿಡದ ಗಡ್ಡೆ. ಗೋಲಿಯಷ್ಟು ದಪ್ಪ, ಒಳಗೆ ಹಳದಿ. ಚೀನೀ ವೈದ್ಯದಲ್ಲಿ ಇದು ನೋವಿನ ಮದ್ದು. ಹಳೆಯ ಪದ್ಧತಿಯಲ್ಲಿ ಇದನ್ನು ವಿನೆಗರ್‌ನಲ್ಲಿ ಹುರಿದು ಬಳಸುತ್ತಾರೆ. ಯಾಕೆ ಅಂದರೆ, ಇದರೊಳಗಿನ ಆಲ್ಕಲಾಯ್ಡುಗಳು, ಅಂದರೆ ಮದ್ದಿನ ಗುಣ ಇರುವ ಅಂಶಗಳು, ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹುಳಿ ತಾಗಿದರೆ ಲವಣವಾಗಿ ಕಷಾಯಕ್ಕೆ ಇಳಿಯುತ್ತವೆ. ಇದನ್ನು ಕಂಡುಕೊಂಡವರಿಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲ, ಒಲೆ ಗೊತ್ತಿತ್ತು.

ಆ ಗಡ್ಡೆಯ ಮುಖ್ಯ ಅಂಶ ಎಲ್-ಟೆಟ್ರಾಹೈಡ್ರೊಪಾಲ್ಮಟೀನ್. ಬಾಯಿ ತಿರುಗುವುದಿಲ್ಲ, ಎಲ್-ಟಿಎಚ್‌ಪಿ ಅನ್ನೋಣ. ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಹೋಗಿ ಕೂರುವ ಜಾಗಗಳನ್ನು ಇದು ಭಾಗಶಃ ಮುಚ್ಚುತ್ತದೆ. 'ಬೇಕು, ಈಗಲೇ ಬೇಕು' ಎಂಬ ಒತ್ತಡದಲ್ಲಿ ಡೋಪಮಿನ್ನಿನ ಪಾಲು ದೊಡ್ಡದು. 2008ರಲ್ಲಿ ಪ್ರಕಟವಾದ ಚೀನಾದ ಒಂದು ಅಧ್ಯಯನದಲ್ಲಿ, ಹೆರಾಯಿನ್ ಬಿಟ್ಟು ವಾರ ದಾಟಿದ 120 ಜನರಲ್ಲಿ ಅರ್ಧ ಜನಕ್ಕೆ ಒಂದು ತಿಂಗಳು ಎಲ್-ಟಿಎಚ್‌ಪಿ, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟರು. ಮೂರು ತಿಂಗಳ ನಂತರ ನೋಡಿದಾಗ ಮದ್ದು ತಗೊಂಡವರಲ್ಲಿ ಶೇಕಡಾ 48ರಷ್ಟು ಜನ ಹೆರಾಯಿನ್ನಿಂದ ದೂರ ಇದ್ದರು. ಸುಳ್ಳು ಮಾತ್ರೆಯವರಲ್ಲಿ ಶೇಕಡಾ 15. ಗಮನಿಸಿ, ಮದ್ದು ಶುರು ಮಾಡಿದ್ದೇ ವಾರ ಕಳೆದ ಮೇಲೆ. ಮೂರು ದಿನದ ಕೆಲಸಕ್ಕೆ ಅದನ್ನು ಕರೆಯಲೇ ಇಲ್ಲ. ಒಂದೇ ಅಧ್ಯಯನ, ಸಣ್ಣ ಗುಂಪು, ನಿಜ. ಆದರೂ ಇಡೀ ಮೂಲಿಕೆ ಪಟ್ಟಿಯಲ್ಲಿ ನನಗೆ ಭರವಸೆ ಇರುವುದು ಈ ಗಡ್ಡೆಯ ಮೇಲೆಯೇ.

ಇದೇ ಎಲ್-ಟಿಎಚ್‌ಪಿಯ ಇನ್ನೊಂದು ಮುಖವನ್ನೂ ತೋರಿಸಬೇಕು. ಅಮೆರಿಕದಲ್ಲಿ 'ಜಿನ್ ಬು ಹುವಾನ್' ಅನ್ನುವ ಮಾತ್ರೆ ಗಿಡಮೂಲಿಕೆ ಅಂತ ಮಾರಾಟವಾಗುತ್ತಿತ್ತು. 'ಚಿನ್ನ ಕೊಟ್ಟರೂ ಬದಲಿಸಿಕೊಳ್ಳಬಾರದ್ದು' ಅಂತ ಹೆಸರಿನ ಅರ್ಥ. ಕೊಲೊರಾಡೊದಲ್ಲಿ 1993ರಲ್ಲಿ ಮೂರು ಪುಟ್ಟ ಮಕ್ಕಳು ಕೈಗೆ ಸಿಕ್ಕ ಈ ಮಾತ್ರೆ ನುಂಗಿದರು. ಹೃದಯದ ಬಡಿತ ನಿಧಾನವಾಯಿತು, ಉಸಿರು ಕುಂದಿತು. ಪುಣ್ಯಕ್ಕೆ ಮೂವರೂ ಉಳಿದರು. ದೊಡ್ಡವರಲ್ಲಿ ತಿಂಗಳುಗಟ್ಟಲೆ ತಗೊಂಡ ಕೆಲವರಿಗೆ ಯಕೃತ್ತಿನ ಉರಿಯೂತ ಬಂತು. ಪರೀಕ್ಷೆ ಮಾಡಿದರೆ ಡಬ್ಬಿ ಮೇಲೆ ಬರೆದ ಗಿಡಕ್ಕೂ ಒಳಗಿದ್ದಕ್ಕೂ ಸಂಬಂಧವೇ ಇರಲಿಲ್ಲ. ಒಳಗೆ ಇದ್ದದ್ದು ಎಲ್-ಟಿಎಚ್‌ಪಿ. ಅಳತೆ ಮಾಡಿ, ವೈದ್ಯರ ಕಣ್ಣೆದುರು ತಗೊಂಡಾಗ ತೆವಲು ತಗ್ಗಿಸಿದ ಅದೇ ವಸ್ತು. 'ಮೂಲಿಕೆ ಅಲ್ವಾ, ಏನೂ ಆಗಲ್ಲ' ಅನ್ನುವವರಿಗೆ ನಾನು ಇದೊಂದು ಕಥೆ ಹೇಳಿ ಸುಮ್ಮನಾಗುತ್ತೇನೆ.

ಅಫೀಮಿನಿಂದ ಸ್ವಲ್ಪ ಹೆಂಡದ ಕಡೆ ಹೋಗೋಣ. ಇಲ್ಲಿ ಪ್ರಸಿದ್ಧ ಮೂಲಿಕೆ ಗೆಗೆನ್, ಅಂದರೆ ಕುಡ್ಜು ಬಳ್ಳಿಯ ಬೇರು. ಕುಡಿತಕ್ಕೆ ಇದನ್ನು ಬಳಸಬಹುದು ಅನ್ನುವುದು ಚೀನಾದಲ್ಲಿ ಸಾವಿರ ವರ್ಷಕ್ಕೂ ಹಳೆಯ ಮಾತು. 1993ರಲ್ಲಿ ಹಾರ್ವರ್ಡ್‌ನ ಕ್ಯೂಂಗ್ ಮತ್ತು ವ್ಯಾಲಿ ಎಂಬಿಬ್ಬರು ಇದರ ಅಂಶವನ್ನು ಹ್ಯಾಮ್‌ಸ್ಟರ್‌ಗಳ ಮೇಲೆ ನೋಡಿದರು. ಸಿರಿಯಾದ ಈ ಇಲಿಯಂಥ ಪ್ರಾಣಿಗೆ ನೀರು, ಹೆಂಡ ಎರಡೂ ಇಟ್ಟರೆ ಹೆಂಡವೇ ಬೇಕು. ಬೇರಿನ ಅಂಶ ಕೊಟ್ಟ ಮೇಲೆ ಕುಡಿತ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಮನುಷ್ಯರ ವಿಷಯಕ್ಕೆ ಬಂದರೆ ಉತ್ತರ ಎರಡು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 38 ಮಾಜಿ ಸೈನಿಕರಿಗೆ, ಕುಡಿತ ಬಿಡಲು ಒದ್ದಾಡುತ್ತಿದ್ದವರಿಗೆ, ಒಂದು ತಿಂಗಳು ಕೆಲವರಿಗೆ ಬೇರು, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟರು. ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ. 2005ರಲ್ಲಿ ಅಮೆರಿಕದ ಸಂಶೋಧಕ ಸ್ಕಾಟ್ ಲ್ಯೂಕಸ್ ಅವರ ತಂಡ ಇನ್ನೊಂದು ಥರ ಮಾಡಿತು. ಪ್ರಯೋಗಾಲಯವನ್ನೇ ಮನೆಯ ಹಾಗೆ ಸಜ್ಜು ಮಾಡಿದರು. ಸೋಫಾ, ಟಿವಿ, ಬಿಯರ್ ತುಂಬಿದ ಫ್ರಿಜ್. ಲೋಟ ಇಡುವ ಪಕ್ಕದ ಮೇಜಿನಲ್ಲಿ ಒಂದು ತಕ್ಕಡಿ ಅಡಗಿಸಿದ್ದರು. ಲೋಟ ಎತ್ತಿ ಇಟ್ಟಾಗಲೆಲ್ಲ ಒಂದೊಂದು ಗುಟುಕಿನ ತೂಕವೂ ದಾಖಲಾಗುತ್ತಿತ್ತು. 14 ಜನ. ಒಂದು ವಾರ ಕುಡ್ಜು ಸಾರ ತಗೊಂಡ ಮೇಲೆ ಕೂತರೆ ಸರಾಸರಿ ಮೂರೂವರೆ ಬಿಯರ್ ಕುಡಿಯುವ ಜಾಗದಲ್ಲಿ ಎರಡಕ್ಕಿಂತ ಸ್ವಲ್ಪ ಕಡಿಮೆ ಕುಡಿದರು. ಗುಟುಕು ಚಿಕ್ಕದಾಯಿತು, ಒಂದು ಬಿಯರ್ ಮುಗಿಸಲು ಹೊತ್ತು ಜಾಸ್ತಿ ಹಿಡಿಯಿತು.

ಎರಡೂ ನಿಜ ಇರಬಹುದು. ಸೋಫಾ ಮೇಲೆ ಕೂತವರು ಜಾಸ್ತಿ ಕುಡಿಯುವವರು, ಆದರೆ ಬಿಡಲಿಕ್ಕೆ ಬಂದವರಲ್ಲ. ಸೈನಿಕರದ್ದು ಹಳೆಯ, ಬೇರುಬಿಟ್ಟ ಕಾಯಿಲೆ. ಬೇರಿನ ತೂಕ, ಸಾರದ ಗಟ್ಟಿತನ ಕೂಡ ಬೇರೆ ಬೇರೆ. ಕುಡ್ಜು ಬೇರು ಗುಟುಕನ್ನು ಚಿಕ್ಕದು ಮಾಡೀತು, ಚಟ ಬಿಡಿಸುತ್ತದೆ ಅಂತ ನಾನು ಹೇಳಲಾರೆ.

ಹೆಂಡದ ವಿಷಯದಲ್ಲಿ ದಿನದ ಲೆಕ್ಕ ಇನ್ನೂ ಬಿಗಿ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು. ಇಲ್ಲದ್ದು ಕಾಣುತ್ತದೆ, ಮೈ ನಡುಗುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಇದಕ್ಕೆ ಆಸ್ಪತ್ರೆ, ನರಗಳನ್ನು ಶಾಂತ ಮಾಡುವ ಡಯಾಜೆಪಾಮ್ ಥರದ ಔಷಧಿ, ಥಯಮಿನ್ ಅಂದರೆ ವಿಟಮಿನ್ ಬಿ1 ಬೇಕು. ಕಷಾಯದ ಮಾತು ಆ ನಾಲ್ಕು ದಿನ ಬೇಡವೇ ಬೇಡ. ಹೆರಾಯಿನ್ ಬಿಡುವ ಸಂಕಟದಲ್ಲಿ ಸಾಯುವುದು ಅಪರೂಪ. ಹೆಂಡದಲ್ಲಿ ಹಾಗಲ್ಲ. ಇದು ತುಂಬ ಜನಕ್ಕೆ ಉಲ್ಟಾ ಗೊತ್ತಿದೆ.

ಸೂಜಿ ಚಿಕಿತ್ಸೆ ಬಗ್ಗೆ ಎರಡೇ ಮಾತು, ಯಾಕಂದರೆ ಅದನ್ನು ಕೇಳದೆ ನೀವು ಬಿಡುವುದಿಲ್ಲ. 1972ರಲ್ಲಿ ಹಾಂಗ್‌ಕಾಂಗ್‌ನ ನರಶಸ್ತ್ರಚಿಕಿತ್ಸಕ ವೆನ್, ನೋವು ತಡೆಯಲು ಸೂಜಿಗೆ ಕರೆಂಟು ಕೊಟ್ಟು ನೋಡುತ್ತಿದ್ದಾಗ, ಅಫೀಮು ಚಟದ ರೋಗಿಗಳ ಸಂಕಟವೂ ತಗ್ಗಿದ್ದನ್ನು ಗಮನಿಸಿದರು. ಅಲ್ಲಿಂದ ಅದು ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಗೆ ಬಂದು, ಕಿವಿಯಲ್ಲಿ ಐದು ಸೂಜಿ ಚುಚ್ಚುವ ಪದ್ಧತಿಯಾಗಿ ಜಗತ್ತೆಲ್ಲ ಹಬ್ಬಿತು. 2002ರಲ್ಲಿ ಕೊಕೇನ್ ಚಟದ 620 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಸರಿಯಾದ ಜಾಗಕ್ಕೆ ಚುಚ್ಚಿದ ಸೂಜಿ, ಎಲ್ಲೋ ಚುಚ್ಚಿದ ಸೂಜಿ, ಸುಮ್ನೆ ಕೂತು ನೋಡಿದ ನೆಮ್ಮದಿಯ ವಿಡಿಯೊ, ಮೂರರ ಫಲವೂ ಒಂದೇ ಆಯಿತು. ನಲವತ್ತು ನಿಮಿಷ ಯಾರೂ ಬೈಯದೆ, ಏನೂ ಕೇಳದೆ ಸುಮ್ಮನೆ ಕೂರಲು ಬಿಟ್ಟರೆ ಅದೇ ಒಂದು ಔಷಧಿಯೇನೋ, ಅಂತ ನನ್ನ ಗುಮಾನಿ.

ಕೊನೆಯ ಭಾಗ. ಎರಡನ್ನೂ ಸೇರಿಸುವಾಗ ಎಲ್ಲಿ ಕಾಲು ಜಾರುತ್ತದೆ? ಒಂದು ಉದಾಹರಣೆ ಸಾಕು. ಜ್ಯೇಷ್ಠಮಧು. ಚೀನೀ ಕಷಾಯಗಳಲ್ಲಿ ಇದು ಇಲ್ಲದ್ದು ಹುಡುಕುವುದೇ ಕಷ್ಟ. ಬೇರೆ ಮೂಲಿಕೆಗಳನ್ನೆಲ್ಲ ಹೊಂದಿಸಿಕೊಂಡು ಹೋಗುವುದು ಅಂತ ಹಾಕುತ್ತಾರೆ. ಸಿಹಿ, ನಿರುಪದ್ರವಿ ಅಂತ ಎಲ್ಲರ ನಂಬಿಕೆ. ಆದರೆ ದಿನಾ ಜಾಸ್ತಿ ಹೊಟ್ಟೆಗೆ ಹೋದರೆ ಅದು ರಕ್ತದಲ್ಲಿನ ಪೊಟ್ಯಾಸಿಯಂ ಇಳಿಸುತ್ತದೆ. ಚಟ ಬಿಡುವಾಗ ವಾಂತಿ ಭೇದಿಯಿಂದ ಪೊಟ್ಯಾಸಿಯಂ ಮೊದಲೇ ಇಳಿದಿರುತ್ತದೆ. ಇತ್ತ ಮೆಥಡೋನ್‌ಗೆ ಒಂದು ಗುಣ ಇದೆ. ಒಂದು ಬಡಿತ ಮುಗಿದ ಮೇಲೆ ಹೃದಯ ಮುಂದಿನದಕ್ಕೆ ಸಜ್ಜಾಗುವ ಹೊತ್ತನ್ನು ಅದು ಉದ್ದ ಮಾಡುತ್ತದೆ. ಇಸಿಜಿಯಲ್ಲಿ ಇದು ಕಾಣುತ್ತದೆ. ಪೊಟ್ಯಾಸಿಯಂ ಕಡಿಮೆ ಇದ್ದಾಗ ಈ ಉದ್ದ ಇನ್ನೂ ಹೆಚ್ಚಿ, ಹೃದಯ ತಾಳ ತಪ್ಪಿ ನಿಲ್ಲಬಹುದು. ಮೆಥಡೋನ್ ಕೊಟ್ಟ ವೈದ್ಯರಿಗೆ ಕಷಾಯ ಗೊತ್ತಿಲ್ಲ, ಕಷಾಯ ಕೊಟ್ಟವರಿಗೆ ಇಸಿಜಿ ಗೊತ್ತಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ರೋಗಿ ಮಾತ್ರ ನಡುವೆ ಸಿಕ್ಕಿಕೊಂಡಿದ್ದಾನೆ.

ಇನ್ನೊಂದು ದಾರಿಯಲ್ಲೂ ತೊಂದರೆ ಬರುತ್ತದೆ. ಮೆಥಡೋನನ್ನು ಕರಗಿಸುವುದು ಯಕೃತ್ತಿನ ಕೆಲವು ಕಿಣ್ವಗಳು. ಕೆಲವು ಮೂಲಿಕೆಗಳು ಅಂಥ ಕಿಣ್ವಗಳ ಕೆಲಸ ನಿಧಾನ ಮಾಡುತ್ತವೆ, ಕೆಲವು ಚುರುಕು ಮಾಡುತ್ತವೆ. ನಿಧಾನವಾದರೆ ಅದೇ ಡೋಸ್ ಮೈಯಲ್ಲಿ ಶೇಖರವಾಗಿ ಉಸಿರಿಗೆ ಕುತ್ತು. ಚುರುಕಾದರೆ ಡೋಸ್ ಸಾಲದೆ ಮತ್ತೆ ಆಕಳಿಕೆ, ಮತ್ತೆ ಮೂಳೆ ನೋವು. ಆಗ ರೋಗಿಯನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ, ಹೊರಗೆಲ್ಲೋ ತಗೊಂಡು ಬಂದಿದ್ದಾನೆ ಅಂತ.

ಹಾಗಾಗಿ ಸೇರಿಸುವುದು ಅಂದರೆ ಎರಡು ಚೀಟಿ ಹಿಡಿದು ಎರಡು ಅಂಗಡಿಗೆ ಹೋಗುವುದಲ್ಲ. ಒಂದೇ ಹಾಳೆ, ಒಂದೇ ಕಡೆ ಎಲ್ಲ ಬರೆದಿರಬೇಕು. ಲಿನ್‌ನ ಗುಳಿಗೆಗೂ ಮಾರ್ಫಿನ್ ಮಾತ್ರೆಗೂ ಇದ್ದ ವ್ಯತ್ಯಾಸ ನೆನಪಿಡಿ ಅಂದಿದ್ದೆನಲ್ಲ, ಇದಕ್ಕೇ. ಒಳಗೆ ಏನಿದೆ, ಎಷ್ಟಿದೆ, ಯಾವ ದಿನ ಎಷ್ಟು ಇಳಿಯುತ್ತದೆ ಅನ್ನುವುದು ಎಲ್ಲರಿಗೂ ಕಾಣಬೇಕು.

ಉಪನ್ಯಾಸ ಮುಗಿದ ಮೇಲೆ ಸುಮಾರು ಪ್ರಶ್ನೆ ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ, ಯಾಕಂದರೆ ಅದು ನನ್ನ ಮಾತಿನಿಂದಲೇ ಹುಟ್ಟಿದ ತಪ್ಪು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದರು: "ನೀವೇ ಹೇಳಿದಿರಿ, ನಾಲ್ಕನೇ ದಿನದಿಂದ ಮೂಲಿಕೆ ಸಮ ಅಂತ. ಹಾಗಾದರೆ ಮೂರು ದಿನ ಮೆಥಡೋನ್ ಕೊಟ್ಟು, ನಾಲ್ಕನೇ ದಿನ ನಿಲ್ಲಿಸಿ ಕಷಾಯಕ್ಕೆ ಬದಲಾಗಬಹುದಲ್ವಾ?"

ಆಗಲ್ಲ. ಆ ಅಧ್ಯಯನಗಳು ಅಳೆದದ್ದು ಸಂಕಟವನ್ನು. ಜೀವ ಉಳಿಯಿತೇ ಅನ್ನುವುದನ್ನು ಅಳೆಯಲಿಲ್ಲ. ಕೆಲವೇ ವಾರ ಬಿಟ್ಟರೂ ಮೈ ತನ್ನ ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲು ದಿನಾ ತಗೊಳ್ಳುತ್ತಿದ್ದ ಅದೇ ಡೋಸನ್ನು ನಲವತ್ತನೇ ದಿನದ ಆ ರಾತ್ರಿ ಮತ್ತೆ ತಗೊಂಡರೆ ಉಸಿರು ನಿಲ್ಲಬಹುದು. ಬರೀ ಬಿಡಿಸಿ ಮನೆಗೆ ಕಳಿಸಿದವರಿಗೆ ಈ ಅಪಾಯ ಜಾಸ್ತಿ. ತಿಂಗಳು, ವರ್ಷ ಅಂತ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಮೇಲೆ ಇರುವವರಿಗೆ ಕಡಿಮೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನಿಸ್ವಾಂಡರ್ ಎಂಬ ವೈದ್ಯ ದಂಪತಿ ಮೆಥಡೋನನ್ನು ಇಳಿಸದೆ ಮುಂದುವರಿಸುವ ಪದ್ಧತಿ ತಂದದ್ದು ಇದೇ ಕಾರಣಕ್ಕೆ, ಬಿಡಿಸಿದವರು ಮತ್ತೆ ಮತ್ತೆ ಬೀಳುವುದನ್ನು ನೋಡಿ. ಹಾಗಾಗಿ ಕಷಾಯ ಬೇಕೆನಿಸಿದರೆ ಅದು ಮೆಥಡೋನಿನ ಜೊತೆಗೆ, ನಿದ್ದೆಗೆ, ಹಸಿವಿಗೆ, ಇಸಿಜಿ ಮತ್ತು ಪೊಟ್ಯಾಸಿಯಂ ನೋಡಿಕೊಂಡು. ಅದರ ಬದಲಿಗೆ ಅಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ಏನು ಇಟ್ಟುಕೊಂಡಿರಬೇಕು ಹಾಗಾದರೆ?" ಅಂದರು. ನಲೋಕ್ಸೋನ್ ಅಂದೆ. ಅಫೀಮಿನ ಜಾತಿಯ ವಸ್ತುವಿನಿಂದ ಉಸಿರು ನಿಂತಾಗ ಅದನ್ನು ಮರಳಿ ತರುವ ಔಷಧಿ. ಮೂಗಿಗೆ ಹೊಡೆಯುವ ಸ್ಪ್ರೇ ಆಗಿಯೂ ಬರುತ್ತದೆ. ಎಲ್ಲಿ ಇಟ್ಟಿದ್ದೀರಿ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ ಅಂದೆ. ಅವರು ಆ ಹೆಸರನ್ನು ಎರಡು ಸಲ ಕೇಳಿ, ಕೈಯಲ್ಲಿದ್ದ ಚೀಟಿಯ ಮೇಲೆ ಬರೆದುಕೊಂಡರು.